ಹಸಿರು ಚೀಟಿಯ ಎಂಟು ಇಲಿಗಳು

ಭಗವಂತರಾಯ ಬಾಯಿ ಬಿಟ್ಟನೆಂದರೆ ಶಹಾಪುರದಲ್ಲಿ ಅಂಗಾತ ಮಲಗಿರುವ ಬುದ್ಧನ ಬೆಟ್ಟವೂ ಮಗ್ಗುಲು ಬದಲಿಸಿ ಕಿವಿಗೊಡಬೇಕು, ಅಂಥ ಮಾತುಗಾರ. ಅವನ ಊರಿನ ಬಿಸಿಲಿಗೆ ಕೋಳಿಗಳು ಬೆಂದ ಮೊಟ್ಟೆಯನ್ನೇ ಇಡುತ್ತಿದ್ದವು. ಅವನ ಸೋದರಮಾವನ ಲಾರಿಗೆ ಬ್ರೇಕೇ ಇರಲಿಲ್ಲ, ನಿಲ್ಲಿಸಬೇಕಾದರೆ ಮುಂದಿನ ಊರಿಗೆ ಫೋನ್ ಮಾಡಿ ರಸ್ತೆಗೆ ಅಡ್ಡ ಹತ್ತಿಯ ಮೂಟೆ ಹಾಕಿಸುತ್ತಿದ್ದ. ಇವನ್ನೆಲ್ಲ ಅವನು ಮನುಷ್ಯರಿಗಿಂತ ಹೆಚ್ಚಾಗಿ ಇಲಿಗಳಿಗೇ ಹೇಳುತ್ತಿದ್ದ. ಯಾಕೆಂದರೆ ಬೆಳಿಗ್ಗೆ ಏಳರಿಂದ ಒಂಬತ್ತೂವರೆಯ ತನಕ ಬೆಂಗಳೂರಿನ ಕೆ.ಆರ್. ಪುರದಲ್ಲಿ ಅವನು ಇಲಿ ನೋಡಿಕೊಳ್ಳುವ ಕೆಲಸಕ್ಕಿದ್ದ ಲ್ಯಾಬಿನ ಮೂರನೇ ಮಹಡಿಯಲ್ಲಿ ಅವನನ್ನೂ ಇಲಿಗಳನ್ನೂ ಬಿಟ್ಟರೆ ಇನ್ನೊಂದು ಜೀವ ಇರುತ್ತಿರಲಿಲ್ಲ.

ಇಲಿಗಳೆಂದರೆ ಗೋಣಿಚೀಲ ಕೊರೆಯುವ ಇಲಿಗಳಲ್ಲ. ಹೆಬ್ಬೆರಳಿನಷ್ಟು ಉದ್ದ, ಕಾಡಿಗೆಯಂಥ ಕಪ್ಪು, ರಾಜರ ಮನೆಯ ಮಕ್ಕಳಿಗೂ ಇಲ್ಲದ ಉಪಚಾರ. ಎಸಿ ಗಾಳಿ, ಕುದಿಸಿ ಆರಿಸಿದ ನೀರು, ವಾರಕ್ಕೆರಡು ಸಲ ಹೊಸ ಹಾಸಿಗೆ. ಭಗವಂತರಾಯ ಒಳಗೆ ಹೋಗಬೇಕಾದರೆ ಚಪ್ಪಲಿ ಬಿಟ್ಟು, ನೀಲಿ ಗೌನು ತೊಟ್ಟು, ತಲೆಗೊಂದು ಟೋಪಿ, ಮೂತಿಗೊಂದು ಬಟ್ಟೆ ಕಟ್ಟಿಕೊಳ್ಳಬೇಕು. "ನನ್ನ ಮದುವಿಯಾಗೂ ನನಗ ಇಷ್ಟ ಶೃಂಗಾರ ಮಾಡಿದ್ದಿಲ್ಲ" ಎಂದು ಅವನು ಗೇಟಿನ ಸಕ್ಲೇನನಿಗೆ ಹೇಳುತ್ತಿದ್ದ.

ಶಿವಾಜಿನಗರದ ಸಕ್ಲೇನ್ ಸೆಕ್ಯುರಿಟಿ ಡ್ರೆಸ್ ಹಾಕಿಕೊಂಡ ಬೆಳಗಿನಿಂದ ಕಳಚುವ ಸಂಜೆಯ ತನಕ ನಗುತ್ತಲೇ ಇರುವ ಆಸಾಮಿ. "ಗುರು, ನಿನ್ ಇಲಿಗಳ್ಗೆ ಎಸಿ, ನಂಗೆ ಈ ಟೇಬಲ್ ಫ್ಯಾನು. ಮುಂದಿನ್ ಜನ್ಮ ಅಂತ ಇದ್ರೆ ನಿನ್ ಪಂಜರದಲ್ಲೇ ಹುಟ್ತೀನಿ ನೋಡು."

"ಹುಟ್ಟಬ್ಯಾಡೋ. ಊಟ ಛಲೋ ಅದ, ಆದ್ರ ಊಟದ ಮ್ಯಾಲಿಂದು ಛಲೋ ಇಲ್ಲ" ಎನ್ನುತ್ತಿದ್ದ ಭಗವಂತರಾಯ.

ಊಟದ ಮೇಲಿನದ್ದನ್ನು ಮಾಡುವವರು ಜಹನಾರಾ ಮೇಡಂ. ಫ್ರೇಜರ್ ಟೌನಿನವರು, ಮೂವತ್ತೈದರ ಹೆಂಗಸು. ಕಣ್ಣಿನ ಕೆಳಗೆ ಯಾವಾಗಲೂ ಕಪ್ಪು, ಕೈ ಮಾತ್ರ ಅಕ್ಕಸಾಲಿಗನ ಕೈ. ಅವರು ಮಾಡುತ್ತಿದ್ದದ್ದು ಚರ್ಮದ ಕ್ಯಾನ್ಸರಿಗೆ ಲಸಿಕೆ. ಒಂದು ಗುಂಪಿನ ಎಂಟು ಇಲಿಗಳಿಗೆ ನಿಜವಾದ ಲಸಿಕೆ, ಆ ಪಂಜರಗಳಿಗೆ ಹಸಿರು ಚೀಟಿ. ಇನ್ನೊಂದು ಗುಂಪಿನ ಎಂಟಕ್ಕೆ ಬರೀ ಉಪ್ಪುನೀರು, ಅವಕ್ಕೆ ಕೆಂಪು ಚೀಟಿ. ಮೂರು ಸಲ ಸೂಜಿ ಚುಚ್ಚಿ, ಕೆನ್ನೆಯಿಂದ ಒಂದೊಂದು ಹನಿ ರಕ್ತ ತೆಗೆದು ನೋಡುವುದು. ಆಮೇಲೆ ಎಲ್ಲ ಹದಿನಾರರ ಪಕ್ಕೆಗೂ ಕ್ಯಾನ್ಸರನ್ನೇ ಚುಚ್ಚುವುದು. ಯಾವುದು ಬದುಕುತ್ತದೆ, ಯಾವುದು ಸಾಯುತ್ತದೆ ಎಂದು ತೊಂಬತ್ತು ದಿನ ಕಾಯುವುದು.

ಇಲಿ ಯಾವುದು ಎಂದು ಗುರುತು ಸಿಗುವುದು ಕಿವಿಯ ತೂತಿನಿಂದ. ಬಲಗಿವಿಯ ಮೇಲೊಂದು ತೂತಾದರೆ ಒಂದನೇ ನಂಬರು, ಕೆಳಗಾದರೆ ಎರಡು, ಎಡಗಿವಿಯಾದರೆ ಮೂರು, ಹೀಗೆ. ಆ ತೂತು ಹಾಕುವ ಕೆಲಸ ಭಗವಂತರಾಯನದು. ಅವನ ಕೈಯಲ್ಲಿ ಇಲಿ ಕಿಚ್ ಎನ್ನುವಷ್ಟರಲ್ಲಿ ಕಿವಿ ಚುಚ್ಚಿಸಿಕೊಂಡು ಪಂಜರಕ್ಕೆ ವಾಪಸ್ಸಾಗಿರುತ್ತಿತ್ತು.

ಮೂರನೇ ಸೂಜಿಯಾದ ವಾರ ಮೇಡಂ ಅವನನ್ನು ಕರೆದು ಒಂದು ಪ್ಲಾಸ್ಟಿಕ್ ತಟ್ಟೆ ತೋರಿಸಿದ್ದರು. ತಟ್ಟೆಯ ತುಂಬ ಪುಟ್ಟ ಪುಟ್ಟ ಗುಳಿ, ಪಡ್ಡಿನ ಕಾವಲಿಯ ಹಾಗೆ. ಅರ್ಧ ಗುಳಿಗಳಲ್ಲಿ ಅರಿಶಿನದ ನೀರಿನಂಥ ಹಳದಿ.

"ನೋಡಿ ರಾಯ್ರೇ, ಹಸಿರು ಚೀಟಿಯ ಎಂಟೂ ಹಳದಿ. ಆ್ಯಂಟಿಬಾಡಿ ಬಂದಿದೆ. ಅಂದ್ರೆ ಮೈಯಿ ಶತ್ರುನ ಗುರುತು ಹಿಡ್ದಿದೆ."

"ಆ್ಯಂಟಿಬಾಡಿ ಅಂದ್ರ ಪೈಲ್ವಾನರು ಇದ್ದಂಗ ಏನ್ರೀ ಮೇಡಂ? ಗರಡಿಯಾಗ ತಯಾರಾಗಿ ನಿಂತವ್ರು?"

ಮೇಡಂ ಅಪರೂಪಕ್ಕೆ ನಕ್ಕರು. "ಹಂಗೇ ಅಂದ್ಕೊಳ್ಳಿ. ಈಗ ಕುಸ್ತಿ ಮಾಡ್ತಾರಾ ಇಲ್ವಾ ಅಂತ ನೋಡ್ಬೇಕು. ಇವು ತೊಂಬತ್ತು ದಿನ ಬದುಕಿದ್ರೆ, ಮುಂದೆ ದೊಡ್ಡ ಪ್ರಾಣಿಗಳು, ಅದಾದ್ಮೇಲೆ ಪರ್ಮಿಷನ್ನು, ಅದಾದ್ಮೇಲೆ ಮನುಷ್ಯರು."

ಭಗವಂತರಾಯನ ಕಿವಿ ತೊಂಬತ್ತು ದಿನವನ್ನು ಹಿಡಿದುಕೊಂಡಿತು, ಮನುಷ್ಯರನ್ನು ಹಿಡಿದುಕೊಂಡಿತು. ನಡುವಿನ ದೊಡ್ಡ ಪ್ರಾಣಿಗಳನ್ನೆಲ್ಲ ಕಾಡಿಗೆ ಬಿಟ್ಟುಬಿಟ್ಟಿತು.

ಅದಕ್ಕೊಂದು ಕಾರಣ ಆ ಶನಿವಾರ ಬಂತು. ಅವನ ಹೆಂಡತಿ ಯಂಕಮ್ಮ ಹೊರಮಾವಿನ ಒಂದು ಅಪಾರ್ಟ್‌ಮೆಂಟಿನಲ್ಲಿ ನೆಲ ಒರೆಸುತ್ತಿದ್ದಳು. ಬಲಗಾಲಿನ ಕಿರುಬೆರಳ ಕೆಳಗೆ, ಅಂಗಾಲಿನಲ್ಲಿ, ಒಂದು ಕರಿ ಮಚ್ಚೆ ವರ್ಷದಿಂದ ಇತ್ತು. ಆಣಿ ಎಂದುಕೊಂಡಿದ್ದರು. ಸುಣ್ಣ ಬೆಲ್ಲ ಕಟ್ಟಿದರು, ಬ್ಲೇಡಿನಲ್ಲಿ ಹೆರೆದರು. ಮಚ್ಚೆ ಒಡೆದು ನೀರಾಡತೊಡಗಿದ ಮೇಲೆ ದೊಡ್ಡಾಸ್ಪತ್ರೆಗೆ ಹೋದರು. ಚೂರು ಕತ್ತರಿಸಿ ಪರೀಕ್ಷೆ ಮಾಡಿದ ಡಾಕ್ಟರು ಆ ಶನಿವಾರ ಹೇಳಿದ್ದು ಇಷ್ಟೇ: ಚರ್ಮದ ಕ್ಯಾನ್ಸರು. ಎರಡು ಬೆರಳು, ಅವುಗಳ ಕೆಳಗಿನ ಅಂಗಾಲು ತೆಗೆಯಬೇಕು. ತೊಡೆಯ ಸಂದಿಗೆ ಇನ್ನೂ ಹೋಗಿಲ್ಲ, ಪುಣ್ಯ. ಎರಡು ವಾರದೊಳಗೆ ಬಂದು ಅಡ್ಮಿಟ್ ಆಗಿ.

ಹೊರಗೆ ಬೆಂಚಿನ ಮೇಲೆ ಕುಳಿತ ಯಂಕಮ್ಮ ತನ್ನ ಕಾಲನ್ನೇ ನೋಡಿಕೊಂಡಳು. "ಕುಂಟಿಗಿ ಯಾರ ಕೆಲ್ಸ ಕೊಡ್ತಾರ್ರೀ?"

ಭಗವಂತರಾಯನಿಗೆ ಗೊತ್ತಿದ್ದ ಕಾಯಿಲೆಯ ಹೆಸರದು, ದಿನಾ ಬೆಳಿಗ್ಗೆ ಪಂಜರದ ಚೀಟಿಯಲ್ಲಿ ನೋಡುತ್ತಿದ್ದ ಹೆಸರು. ಇಡೀ ಬೆಂಗಳೂರಿನಲ್ಲಿ ಈ ರೋಗಕ್ಕೆ ಮದ್ದು ತಯಾರಾಗುತ್ತಿರುವ ಕೋಣೆಯ ಕೀಲಿಕೈ ತನ್ನ ಸೊಂಟದಲ್ಲಿರುವಾಗ ಹೆಂಡತಿಯ ಕಾಲು ಕತ್ತರಿಸಲು ಬಿಡುವುದೇ?

"ನಿನ್ನ ಕಾಲಿಗಿ ಯಾವನೂ ಕತ್ತಿ ಹಚ್ಚಂಗಿಲ್ಲ" ಎಂದ. "ನಮ್ಮ ಲ್ಯಾಬಿನಾಗ ಇದಕ್ಕ ಸೂಜಿ ಬರ್ಲಿಕತ್ತದ. ತೊಂಬತ್ತ ದಿನ ತಡಿ. ಮೇಡಂಗ ಹೇಳಿ ಮೊದಲನೇ ಹೆಸರು ನಿಂದೇ ಹಾಕಿಸ್ತಿನಿ. ಗಂಟು ಬರೂಕಿಂತ ಮೊದ್ಲ ಸೂಜಿ ಬಿದ್ದಿರಬೇಕು, ಅಷ್ಟ. ನಿನಗ ಗಂಟು ಎಲ್ಲಿ ಬಂದದ? ಡಾಕ್ಟರೇ ಹೇಳ್ಯಾರ, ಇಲ್ಲ ಅಂತ."

"ಮೇಡಂಗ ಕೇಳೀರಿ?"

"ಕೇಳದ ಬಿಟ್ಟೀನೇನು?"

ಅವನು ಕೇಳಿರಲಿಲ್ಲ. ಕೇಳಿದರೆ ಮೇಡಂ ಇಲ್ಲವೆಂದಾರು ಎಂಬ ಅಂಜಿಕೆ. ಇಲಿಗಳು ಬದುಕಲಿ, ಗೆದ್ದ ಸಂತೋಷದಲ್ಲಿ ಕೇಳೋಣ ಎಂದುಕೊಂಡ. ಮರುದಿನ ಬಿಟ್ಟು ಸೋಮವಾರ, ಮೇಡಂ ಹದಿನಾರು ಇಲಿಗಳ ಪಕ್ಕೆಗೂ ಕ್ಯಾನ್ಸರ್ ಚುಚ್ಚಿದರು. ಹಿಡಿದುಕೊಟ್ಟವನು ಭಗವಂತರಾಯ.

ಅಂದಿನಿಂದ ಹೊರಮಾವಿನ ಅವರ ಒಂದು ಕೋಣೆಯ ಮನೆಯಲ್ಲಿ ಹೊಸ ರೂಢಿ ಶುರುವಾಯಿತು. ಸಂಜೆ ಅವನು ಒಳಗೆ ಕಾಲಿಡುವ ಮೊದಲೇ ಯಂಕಮ್ಮ ಕೇಳುತ್ತಿದ್ದಳು: "ಎಷ್ಟ ಅದಾವ್ರೀ ಇವತ್ತ?"

"ಎಂಟಕ್ಕೆಂಟು!"

ಆಮೇಲೆ ಅವಳು ರೊಟ್ಟಿ ಬಡಿಯುತ್ತಿದ್ದರೆ ಅವನು ಇಲಿಗಳ ಸುದ್ದಿ ಹೇಳುತ್ತಿದ್ದ. ಒಂದನೇದು ಬಲು ಸೊಕ್ಕಿನದು, ನೀರಿನ ಬಾಟಲಿಯನ್ನೇ ಎಳೆದು ಕೆಡವುತ್ತದೆ. ಮೂರನೇದು ಗೊರಕೆ ಹೊಡೆಯುತ್ತದೆ, ಅದರ ಗೊರಕೆಗೆ ಪಕ್ಕದ ಬಿಲ್ಡಿಂಗಿನವರು ಬಂದು ಕಂಪ್ಲೇಂಟ್ ಕೊಟ್ಟಿದ್ದಾರೆ. ಯಂಕಮ್ಮ ಹಿಟ್ಟಿನ ಕೈಯನ್ನೇ ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು. ಕಾಲಿಗೆ ಬಟ್ಟೆ ಸುತ್ತಿಕೊಂಡು ಮರುದಿನ ಮತ್ತೆ ನೆಲ ಒರೆಸಲು ಹೋಗುತ್ತಿದ್ದಳು. ಆಸ್ಪತ್ರೆಯವರು ಹೇಳಿದ ಎರಡು ವಾರ ಮುಗಿಯಿತು.

ಹದಿನೈದನೇ ದಿನ, ಮಂಗಳವಾರ ಬೆಳಿಗ್ಗೆ, ಹಾಸಿಗೆ ಬದಲಿಸಲು ಹಸಿರು ಚೀಟಿಯ ಐದನೇ ಇಲಿಯನ್ನು ಎತ್ತಿಕೊಂಡಾಗ ಅವನ ಹೆಬ್ಬೆರಳಿಗೆ ಪಕ್ಕೆಯಲ್ಲಿ ಏನೋ ತಾಗಿತು. ಬಟಾಣಿ ಕಾಳಿನಷ್ಟು. ಒತ್ತಿದರೆ ಜಾರುತ್ತದೆ, ಬಿಟ್ಟರೆ ಬರುತ್ತದೆ.

ಭಗವಂತರಾಯ ಬಹಳ ಹೊತ್ತು ಅದನ್ನು ಅಂಗೈಯಲ್ಲೇ ಹಿಡಿದು ನಿಂತ. ಕೆಂಪು ಚೀಟಿಯವಕ್ಕೆ ಗಂಟು ಬಂದಾಗ ಅವನಿಗೆ ಏನೂ ಅನಿಸಿರಲಿಲ್ಲ, ಬರಬೇಕಾದ್ದು ಬಂತು. ಆದರೆ ಇದು ಹಸಿರು. "ಕಚ್ಚಾಡಿಕೊಂಡಿರಬೇಕು" ಎಂದು ತನಗೇ ಹೇಳಿಕೊಂಡ. "ಬಾವು ಬಂದದ. ಪೈಲ್ವಾನರು ಇದ್ದಲ್ಲಿ ಬಾವು ಬರದ ಇರ್ತದೇನು?"

ಈ ಲ್ಯಾಬಿಗೆ ಬರುವ ಮೊದಲು ಅವನು ಹೊಸಕೋಟೆ ಕಡೆಯ ಒಂದು ಶೆಡ್ಡಿನಲ್ಲಿದ್ದ. ಇಲಿ ಮೊಲ ಬೆಳೆಸಿ ಲ್ಯಾಬುಗಳಿಗೆ ಕಳಿಸುವ ಶೆಡ್ಡು. ಅಲ್ಲಿನ ಮೇಸ್ತ್ರಿ ಕಲಿಸಿದ್ದು ಒಂದೇ ಪಾಠ: ಪಂಜರದ ಮೇಲೆ ಎಂಟು ಎಂದಿದ್ದರೆ ಒಳಗೆ ಎಂಟಿರಬೇಕು. ಒಂದು ಸತ್ತರೆ ಅದೇ ವಯಸ್ಸಿನ ಇನ್ನೊಂದನ್ನು ಬಿಡು, ಅದೇ ಕಡೆ ಕಿವಿ ಚುಚ್ಚು. ಇಲಿಗೆ ಇಲಿ. ಹನ್ನೊಂದು ವರ್ಷ ಅವನು ಹಾಗೆಯೇ ಮಾಡಿದ್ದ, ಯಾರೂ ತಪ್ಪೆಂದಿರಲಿಲ್ಲ. ಕೈಗೆ ಅದು ರೂಢಿಯಾಗಿಬಿಟ್ಟಿತ್ತು.

ಈಗಲೂ ಕೆಲಸ ಮಾಡಿದ್ದು ಕೈಯೇ. ಪ್ರಯೋಗಕ್ಕೆ ಸೇರದ ಇಲಿಗಳನ್ನಿಡುವ ಕೆಳಗಿನ ಸಾಲಿನ ಸ್ಟಾಕ್ ಪಂಜರದಿಂದ ಅದೇ ವಯಸ್ಸಿನ ಒಂದು ಕರಿ ಇಲಿ ಬಂತು. ಎಡಗಿವಿಯ ಅಂಚಿನಲ್ಲಿ ತೂತು ಬಿತ್ತು. ಗಂಟಿನ ಇಲಿ ಸ್ಟಾಕಿನ ಕಡೆಯ ಪಂಜರದಲ್ಲಿ ಹುಲ್ಲಿನ ಹಿಂದೆ ಹೋಯಿತು. ಅದಕ್ಕೂ ಹೊಸ ಹಾಸಿಗೆ ಹಾಕಿ, ದಿನಾ ನೀರಿಟ್ಟು ನೋಡಿಕೊಂಡ. ಬಟಾಣಿ ಹುಣಿಸೆಬೀಜವಾಯಿತು, ಹುಣಿಸೆಬೀಜ ಅಡಿಕೆಯಾಯಿತು. ಇಪ್ಪತ್ತಾರನೇ ದಿನ ಅದು ತಣ್ಣಗಾಗಿತ್ತು. ಹಳದಿ ಚೀಲಕ್ಕೆ ಹಾಕಿ, ಸ್ಟಾಕ್ ಪುಸ್ತಕದಲ್ಲಿ "ಒಂದು ಸತ್ತಿದೆ" ಎಂದು ಬರೆದು ಸುಡುವ ಗಾಡಿಗೆ ಕಳಿಸಿದ.

ಅಂದು ಸಂಜೆ ಯಂಕಮ್ಮ ಕೇಳಿದಳು. ಅವನು "ಎಂಟಕ್ಕೆಂಟು" ಎಂದ. ಸುಮ್ಮನಿರಬಹುದಿತ್ತು, ಇರಲಿಲ್ಲ. "ಆ ಐದನೇದು ಅದ ನೋಡು, ಪಂಜರದ ಸಳಿ ಹಿಡಕೊಂಡು ದಿನಕ್ಕ ನೂರು ದಂಡ ಹೊಡಿತದ. ತೋಳು ನೋಡಬೇಕು ಅದರದು!"

ಒಂದಾದ ಮೇಲೆ ಇನ್ನೊಂದು ಸುಲಭ. ಎರಡನೇದಕ್ಕೆ ಬಂತು, ಎಂಟನೇದಕ್ಕೆ ಬಂತು, ನಾಲ್ಕಕ್ಕೆ, ಒಂದಕ್ಕೆ, ಆರಕ್ಕೆ, ಏಳಕ್ಕೆ. ಪ್ರತಿಯೊಂದಕ್ಕೂ ಅವನ ಬಳಿ ಒಂದೊಂದು ಕತೆಯಿತ್ತು. ಒಂದಕ್ಕೆ ಎಸಿಯ ಗಾಳಿ ಬಡಿದಿತ್ತು, ಒಂದು ಜೊತೆಗಾರನನ್ನು ಕಳೆದುಕೊಂಡು ಕೊರಗಿತ್ತು, ಇನ್ನೊಂದಕ್ಕೆ ದೃಷ್ಟಿಯಾಗಿತ್ತು. ಎಲ್ಲಕ್ಕೂ ಕಾರಣ ಸಿಕ್ಕಿತು, ಲಸಿಕೆ ಕೆಲಸ ಮಾಡಲಿಲ್ಲ ಎಂಬುದೊಂದನ್ನು ಬಿಟ್ಟು. ಊರಿಗೆಲ್ಲ ಕತೆ ಹೇಳಿ ನಂಬಿಸಿದವನು ಕಡೆಗೆ ತಾನೇ ಮುಂದಿನ ಸಾಲಿನಲ್ಲಿ ಕೂತು ನಂಬಿದ.

ಜಹನಾರಾ ಮೇಡಂ ಸೋಮವಾರ ಗುರುವಾರ ಬಂದು ಪಕ್ಕೆ ಅಳೆಯುತ್ತಿದ್ದರು. ಕೆಂಪು ಚೀಟಿಯವು ಒಂದೊಂದಾಗಿ ಹೋಗುತ್ತಿದ್ದವು. ಹಸಿರಿನವು ಎಂಟೂ ನುಣ್ಣಗೆ ಹೊಳೆಯುತ್ತ ಓಡಾಡುತ್ತಿದ್ದವು. ಐವತ್ತೆರಡನೇ ದಿನ ಮೇಡಂ ಅಳತೆಯ ಕಡ್ಡಿಯನ್ನು ಮೇಜಿನ ಮೇಲಿಟ್ಟು, ಮುಖಕ್ಕೆ ಕೈ ಮುಚ್ಚಿಕೊಂಡು ನಿಂತುಬಿಟ್ಟರು.

"ಯಾಕ್ರೀ ಮೇಡಂ?"

"ಏನಿಲ್ಲ ರಾಯ್ರೇ. ಖುಷಿ. ಆರು ವರ್ಷದಲ್ಲಿ ಫಸ್ಟ್ ಟೈಮ್." ಮಾರನೇ ದಿನ ಶಿವಾಜಿನಗರದಿಂದ ಒಂದು ಡಬ್ಬಿ ಖೀರು ತಂದರು. ಸಕ್ಲೇನನಿಗೂ ಸಿಕ್ಕಿತು. "ಏನ್ ಗುರು, ಇಲಿ ಗೆದ್ರೆ ಖೀರು ನಮ್ಗೆ! ಬಿಡ್ಬೇಡ, ಸಾಕು ಅವನ್ನ ಚೆನ್ನಾಗಿ" ಎಂದು ಅವನು ಬೆರಳು ನೆಕ್ಕಿದ. ಭಗವಂತರಾಯ ತನ್ನ ಪಾಲನ್ನು ಯಂಕಮ್ಮನಿಗೆ ಒಯ್ದ.

ಒಂಬತ್ತನೇ ವಾರ ಮತ್ತೆ ಕೆನ್ನೆಯ ರಕ್ತ ತೆಗೆದರು. ಇಲಿ ಹಿಡಿದುಕೊಟ್ಟವನು ಭಗವಂತರಾಯನೇ. ರಕ್ತ ಏನು ಹೇಳೀತು ಎಂದು ಅವನಿಗೆ ಹೊಳೆಯಲಿಲ್ಲ. ಅವನು ಕಿವಿಯನ್ನು ಸರಿ ಮಾಡಿದ್ದ, ವಯಸ್ಸನ್ನು ಸರಿ ಮಾಡಿದ್ದ. ಮೇಸ್ತ್ರಿ ಕಲಿಸಿದ್ದು ಅಲ್ಲಿಗೆ ಮುಗಿದಿತ್ತು.

ಹತ್ತು ವಾರ ತುಂಬಿದ ಸೋಮವಾರ ಮೇಡಂ ಎಂಟಕ್ಕೇ ಬಂದಿದ್ದರು. "ರಾಯ್ರೇ, ಒಳಗ್ ಬನ್ನಿ. ಬಾಗ್ಲು ಹಾಕಿ."

ಮೇಜಿನ ಮೇಲೆ ಗುಳಿ ಗುಳಿಯ ತಟ್ಟೆ. ಪಕ್ಕದಲ್ಲಿ ಹಳೆಯ ತಟ್ಟೆಯ ಫೋಟೋ.

"ಇದು ಅವತ್ತಿಂದು. ಎಂಟೂ ಹಳದಿ. ಇದು ಈಗಿಂದು. ಎಣ್ಸಿ."

ಎಣಿಸುವಂಥದ್ದೇನಿರಲಿಲ್ಲ. ಒಂದೇ ಒಂದು ಗುಳಿ ಹಳದಿ. ಉಳಿದ ಏಳರಲ್ಲಿ ಬೋರಿನ ನೀರಿನ ಹಾಗೆ ಬಣ್ಣವೇ ಇಲ್ಲ.

"ಮೂರು ಸಲ ಮಾಡ್ದೆ. ಕೆಮಿಕಲ್ ಬದ್ಲಾಯಿಸ್ದೆ. ನಿನ್ನೆ ಭಾನುವಾರ ಇಡೀ ದಿನ ಇಲ್ಲೇ ಇದ್ದೆ. ಆ್ಯಂಟಿಬಾಡಿ ಸ್ವಲ್ಪ ಕಮ್ಮಿ ಆಗ್ಬೋದು ರಾಯ್ರೇ, ಹಿಂಗೆ ಮಾಯ ಆಗಲ್ಲ. ಈ ಏಳು ಇಲಿಗಳ ಮೈಗೆ ನಮ್ ಸೂಜಿ ಬಿದ್ದೇ ಇಲ್ಲ."

ಭಗವಂತರಾಯನ ನಾಲಿಗೆ ತಾನಾಗಿಯೇ ಹೊರಟಿತು. "ಮೇಡಂ, ನಮ್ಮೂರಾಗ ಒಂದು ಬಾವಿ ಇತ್ತರೀ. ಹುಣ್ಣಿಮಿಗಿ ತುಂಬತಿತ್ತು, ಅಮಾಸಿಗಿ ನೀರು ತಾನ..."

"ಬೇಡ ರಾಯ್ರೇ." ಮೇಡಂ ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. "ಗುರುವಾರ ನಮ್ ಡೈರೆಕ್ಟರು ಹತ್ತು ಜನ ಡಾಕ್ಟ್ರ ಮುಂದೆ ನಿಂತು ಎಂಟಕ್ಕೆ ಎಂಟು ಅಂತ ಹೇಳ್ತಾರೆ. ಅದನ್ನ ಕೇಳಿ ಅವ್ರು ಮುಂದಿನ ಕೆಲ್ಸ ಶುರು ಮಾಡ್ತಾರೆ. ಸುಳ್ಳಿನ ಮೇಲೆ. ಬಾವಿ ಬೇಡ. ಇಲಿ ಹೇಳಿ."

ಗೋಡೆಯ ಆಚೆ ಎಸಿ ಗುಂಯ್ ಎನ್ನುತ್ತಿತ್ತು. ಭಗವಂತರಾಯ ಟೋಪಿ ತೆಗೆದ.

"ಐದನೇದಕ್ಕ ಹದಿನೈದನೇ ದಿನ ಗಂಟು ಬಂತ್ರೀ, ಮಂಗಳವಾರ. ಇಪ್ಪತ್ತಾರಕ್ಕ ಸತ್ತತು. ಎರಡನೇದಕ್ಕ ಹದಿನೇಳಕ್ಕ ಬಂತು, ಇಪ್ಪತ್ತೊಂಬತ್ತಕ್ಕ ಸತ್ತತು. ಎಂಟನೇದಕ್ಕ..."

ಏಳನ್ನೂ ಹೇಳಿದ. ಯಾವ ದಿನ ಬೆರಳಿಗೆ ತಾಗಿತು, ಯಾವ ದಿನ ತಣ್ಣಗಾಯಿತು. ಒಂದು ಅಕ್ಷರ ಬರೆದಿಟ್ಟಿರಲಿಲ್ಲ, ಒಂದು ದಿನ ತಪ್ಪಲಿಲ್ಲ. ಮೇಡಂ ಕಂಪ್ಯೂಟರಿಗೆ ತುಂಬುತ್ತ ಹೋದರು. ಪರದೆಯ ಮೇಲೆ, ಸತ್ತ ಇಲಿಗೊಂದು ಮೆಟ್ಟಿಲಿನಂತೆ ಇಳಿಯುವ ಕೆಂಪು ಗೆರೆಯೊಂದಿತ್ತು. ಅದರ ಮೇಲೆ ಇಷ್ಟು ದಿನ ಮಟ್ಟಸವಾಗಿ ಮಲಗಿದ್ದ ಹಸಿರು ಗೆರೆ ಈಗ ಒಂದೊಂದೇ ಮೆಟ್ಟಿಲು ಇಳಿಯತೊಡಗಿತು. ಕಡೆಗೆ ಎರಡೂ ಒಂದರ ಮೇಲೊಂದು ಬಿದ್ದವು. ಕೆಂಪಿನಲ್ಲಿ ಒಂದು ಉಳಿದಿತ್ತು, ಹಸಿರಿನಲ್ಲೂ ಒಂದು.

"ಏನೂ ವ್ಯತ್ಯಾಸ ಇಲ್ಲ" ಎಂದರು ಮೇಡಂ. "ಎಲ್ಲಕ್ಕಿಂತ ಗಾಢ ಹಳದಿ ಇದ್ದಿದ್ದು ಐದನೇದು. ಮೊದಲು ಹೋಗಿದ್ದೂ ಅದೇ."

"ಪೈಲ್ವಾನರು ಬಂದಿದ್ದರಲ್ರೀ ಮತ್ತ?"

"ಬಂದಿದ್ರು. ಸಾವಿರ ಸಾವಿರ ಬಂದಿದ್ರು. ಸುತ್ತ ನಿಂತು ನೋಡಿದ್ರು ಅಷ್ಟೇ. ಆ ಗಂಟನ್ನ ಮುಟ್ಟೋಕೆ ಅವ್ರ ಕೈಲಿ ಆಗ್ಲಿಲ್ಲ." ಮೇಡಂ ಕುರ್ಚಿ ತಿರುಗಿಸಿದರು. "ಯಾಕ್ ಮಾಡಿದ್ರಿ ರಾಯ್ರೇ? ಕೆಲ್ಸ ಹೋಗುತ್ತೆ ಅಂತಾನಾ? ಇಲಿ ಸತ್ರೆ ನಿಮ್ಮನ್ನ ಯಾರು ಬೈತಾರೆ? ಸಾಯ್ತಾವೋ ಇಲ್ವೋ ಅಂತ ನೋಡೋದೇ ನಮ್ ಕೆಲ್ಸ."

ಆಗ ಅವನು ಯಂಕಮ್ಮನ ಕಾಲಿನ ಸುದ್ದಿ ಹೇಳಿದ.

ಮೇಡಂ ಎದ್ದು ನಿಂತರು. "ಡಾಕ್ಟ್ರು ಯಾವತ್ತು ಹೇಳಿದ್ದು?"

"ನೀವು ಇಲಿಗುಳಿಗಿ ಕ್ಯಾನ್ಸರ್ ಚುಚ್ಚಿದ್ರಲ್ಲ, ಅದಕ್ಕಿಂತ ಎರಡ ದಿನ ಮೊದ್ಲು."

"ಮತ್ತೆ ಆಪರೇಷನ್ನು?"

"ಮಾಡಸಿಲ್ರೀ. ಸೂಜಿ ಬರ್ತದಲ್ಲ ಅಂತ..."

"ಯಾ ಅಲ್ಲಾ!" ಮೇಡಂ ಮೇಜಿನ ಅಂಚು ಹಿಡಿದುಕೊಂಡರು. "ಇದು ಮನುಷ್ಯರ ಹತ್ರ ಬರೋಕೆ ಹತ್ತು ವರ್ಷ ಬೇಕು ರಾಯ್ರೇ, ಅದೂ ಬಂದ್ರೆ! ಒಂದ್ ಮಾತು ನನ್ನ ಕೇಳ್ಬಾರ್ದಿತ್ತಾ? ಒಂದೇ ಒಂದ್ ಮಾತು?"

"ಕೇಳಿದ್ರ ನೀವು ಇಲ್ಲ ಅಂತಿದ್ರಿ, ಮೇಡಂ."

ಮೇಡಂ ಅವನ ಕಡೆ ತಿರುಗಿ, "ನಾಳೆಯಿಂದ ನೀವಿಲ್ಲಿ ಬರೋಹಾಗಿಲ್ಲ" ಎಂದರು. "ನಾಳೆ ಬೆಳಿಗ್ಗೇನೇ ಅವ್ರನ್ನ ಆಸ್ಪತ್ರೆಗೆ ಕರ್ಕೊಂಡ್ ಹೋಗಿ. ಆಣೆ ಮಾಡಿ."

ಭಗವಂತರಾಯ ತಟ್ಟೆಯ ಆ ಒಂದು ಹಳದಿ ಗುಳಿಯನ್ನು ನೋಡಿದ. ಅದು ಮೂರನೇದು, ಗೊರಕೆಯದು. "ಅದಕ್ಕ ಹಾಸಿಗಿ ಇವತ್ತ ಬದಲಿಸಬೇಕ್ರೀ" ಎಂದು ಹೇಳಿ ಕೀಲಿಕೈ ಮೇಜಿನ ಮೇಲಿಟ್ಟ.

ಗೇಟಿನಲ್ಲಿ ಸಕ್ಲೇನನಿಗೆ ಅಷ್ಟರಲ್ಲಿ ಫೋನ್ ಬಂದಿತ್ತು. ಕತ್ತಿನ ಕಾರ್ಡು ಇಸಿದುಕೊಳ್ಳುವಾಗ ಅವನು ನಗಲಿಲ್ಲ. "ಏನಾಯ್ತು ಗುರು? ಏನಾದ್ರೂ ಹೇಳೋ, ಹಂಗೇ ಹೋಗ್ಬೇಡ." ಭಗವಂತರಾಯ ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನ ತನಕ ನಡೆದೇ ಹೋದ.

ಹೊರಮಾವಿನಲ್ಲಿ ಯಂಕಮ್ಮ ಬೆಳಗಿನ ಕೆಲಸ ಮುಗಿಸಿ ಬಂದು ಹೊಸ್ತಿಲ ಬಳಿ ಕುಳಿತಿದ್ದಳು. ಕಾಲಿನ ಬಟ್ಟೆ ಬಿಚ್ಚಿತ್ತು. ಹೊತ್ತಲ್ಲದ ಹೊತ್ತಿನಲ್ಲಿ ಬಂದವನನ್ನು ನೋಡಿ ಅವಳ ಮುಖ ಅರಳಿತು.

"ಇಷ್ಟ ಲಗೂ ಬಿಟ್ರಾ? ಎಷ್ಟ ಅದಾವ್ರೀ ಇವತ್ತ?"

"ಒಂದು."

ಅವಳು ನಗುವುದಕ್ಕೆ ಕಾದಳು. ಇದರ ಹಿಂದೆ ಕತೆ ಬರುತ್ತದೆ, ಏಳು ಇಲಿಗಳು ಬೀಗ ಮುರಿದು ರೈಲು ಹತ್ತಿ ಹೋದವು ಎನ್ನುತ್ತಾನೆ ಎಂದು ಕಾದಳು. ಬರಲಿಲ್ಲ.

"ಉಳದವು?"

"ಸತ್ತು ಭಾಳ ದಿನ ಆತು. ನಾನೇ ಬ್ಯಾರೆ ಇಲಿ ಇಡ್ತಿದ್ದೆ."

ಯಂಕಮ್ಮ ಕಾಲಿನ ಮೇಲೆ ಸೀರೆ ಎಳೆದುಕೊಂಡಳು. ಎದುರಿನ ಅಪಾರ್ಟ್‌ಮೆಂಟಿನಲ್ಲಿ ಯಾರೋ ಗೋಡೆಗೆ ಡ್ರಿಲ್ ಹೊಡೆಯುತ್ತಿದ್ದರು.

"ಮೊದಲಿಂದು ಯಾವಾಗ ಸತ್ತತು?"

"ಐದನೇದು. ಇಪ್ಪತ್ತಾರನೇ ದಿನ."

"ಅವತ್ತ ನೀವು ಬಂದು, ಐದನೇದು ದಿನಕ್ಕ ನೂರ ದಂಡ ಹೊಡಿತದ ಅಂದ್ರಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಲೆಕ್ಕ ತಾಳೆ ನೋಡುವವಳ ದನಿ. "ನಾ ಅವತ್ತ ರಾತ್ರಿ ಕಾಲು ನೋವಿಗಿ ಅದನ್ನ ನೆನಸಿಕೊಂಡು ಮಕ್ಕೊಂಡೆ."

ಅವನು ಅವಳ ಪಕ್ಕದಲ್ಲಿ ನೆಲದ ಮೇಲೆ ಕುಳಿತ.

"ಗಂಟು ಎಷ್ಟ ಇತ್ತು, ನಿಮ್ಮ ಇಲಿಗಿ?"

"ಮೊದ್ಲ ಬಟಾಣಿಕಾಳಷ್ಟ."

ಯಂಕಮ್ಮ ಅವನ ಬಲಗೈ ಹಿಡಿದಳು. ಎಡಗಾಲಿನಿಂದ ಬಾಗಿಲನ್ನು ತಳ್ಳಿ ಮುಚ್ಚಿ, ಆ ಕೈಯನ್ನು ತನ್ನ ತೊಡೆಯ ಸಂದಿಗೆ ಒತ್ತಿಕೊಂಡಳು. ಏಳು ಇಲಿಗಳ ಪಕ್ಕೆಯನ್ನು ಓದಿದ ಬೆರಳುಗಳು ಸೀರೆಯ ಮೇಲಿನಿಂದಲೇ ಓದಿದವು. ಒಂದಲ್ಲ, ಎರಡು. ದೊಡ್ಡದು ನಿಂಬೆಕಾಯಿಯಷ್ಟಿತ್ತು. ಇಲಿಗಳಲ್ಲಿ ಅದು ಒತ್ತಿದರೆ ಜಾರುತ್ತಿತ್ತು. ಇದು ಜಾರಲಿಲ್ಲ.

"ಯಾವಾಗಿಂದ?"

"ತಿಂಗಳ ಮ್ಯಾಲಾತು. ಗಂಟು ಬಂದ ಮ್ಯಾಲ ಸೂಜಿ ಹಾಕಂಗಿಲ್ಲ ಅಂತ ನೀವ ಹೇಳಿದ್ರಿ. ಹೇಳಿದ್ರ ಮೇಡಂ ನನ್ನ ಹೆಸರು ಹೊಡದ ಹಾಕ್ತಾರಂತ ಮುಚ್ಚಿಟ್ಟೆ." ಅವಳು ಅವನ ಕೈ ಬಿಡಲಿಲ್ಲ. "ತೊಂಬತ್ತು ಆಗೂತನಾ ಹೆಂಗಾರ ತಡಕೋಬೇಕಂತ ಮಾಡಿದ್ದೆ."

ಭಗವಂತರಾಯ ಜೀವಮಾನದಲ್ಲಿ ಮೊದಲ ಸಲ ಮಾತಿಗಾಗಿ ಒಳಗೆಲ್ಲ ತಡಕಾಡಿದ. ಬೆಂದ ಮೊಟ್ಟೆ ಇಡುವ ಕೋಳಿಗಳಿದ್ದವು, ಬ್ರೇಕಿಲ್ಲದ ಲಾರಿ ಇತ್ತು, ಹುಣ್ಣಿಮೆಗೆ ತುಂಬುವ ಬಾವಿ ಇತ್ತು. ಯಾವುದೂ ಬಾಯಿಯ ತನಕ ಬರಲಿಲ್ಲ.

ಮರುದಿನ ಬೆಳಿಗ್ಗೆ ಶಿವಾಜಿನಗರದ ಬಸ್ಸಿನಲ್ಲಿ ಅವಳಿಗೆ ಕಿಟಕಿಯ ಸೀಟು ಸಿಕ್ಕಿತು. ಬಾಣಸವಾಡಿಯಲ್ಲಿ ಹತ್ತಿದ ಒಬ್ಬ ಮುದುಕಿ, ಕಾಲಿನ ಬಟ್ಟೆ ನೋಡಿ, "ಏನಮ್ಮಾ, ಬಿದ್ದಾ?" ಎಂದು ಕೇಳಿದಳು. ಯಂಕಮ್ಮ "ಹೌದ್ರೀ" ಎಂದು ಕಿಟಕಿಯ ಆಚೆ ನೋಡಿದಳು. ಸ್ಟ್ಯಾಂಡಿನಲ್ಲಿ ಇಳಿಯುವಾಗ ಅವಳು ಅವನ ತೋಳು ಹಿಡಿದು ಪೂರ್ತಿ ಭಾರ ಬಿಟ್ಟಳು. ಇಷ್ಟು ದಿನ ಹಾಗೆ ಬಿಟ್ಟಿರಲಿಲ್ಲ.

ಆಸ್ಪತ್ರೆಯಲ್ಲಿ ಅದೇ ಡಾಕ್ಟರು. ಗಂಟು ಮುಟ್ಟಿ ನೋಡಿದರು, ಬಹಳ ಹೊತ್ತು ನೋಡಿದರು. ಕೈ ತೊಳೆದು ಬಂದು ಹಳೆಯ ಫೈಲು ತೆರೆದರು.

"ಎರಡು ವಾರದಲ್ಲಿ ಬನ್ನಿ ಅಂತ ಇಲ್ಲಿ ಕೆಂಪು ಇಂಕಲ್ಲಿ ಬರ್ದಿದ್ದೀನಿ. ಆಗ ಬರೀ ಎರಡು ಬೆರಳಲ್ಲಿ ಮುಗೀತಿತ್ತು. ಎಷ್ಟ್ ದಿನ ಆಯ್ತು ಇದು? ಯಾಕ್ ಬರ್ಲಿಲ್ಲ?"

ಊರಿನ ಹೊಳೆ ಬಂದು ರಸ್ತೆ ಕಟ್ಟಾಗಿತ್ತು. ದೊಡ್ಡಪ್ಪ ತೀರಿಕೊಂಡಿದ್ದ. ಫೈಲನ್ನು ಬಸ್ಸಿನಲ್ಲಿ ಕಳ್ಳ ಕದ್ದಿದ್ದ. ಮೂರೂ ಕತೆಗಳು ತಾವಾಗಿಯೇ ಬಂದು ನಾಲಿಗೆಯ ಮೇಲೆ ಸಾಲಾಗಿ ನಿಂತವು. ಯಂಕಮ್ಮ ಅವನನ್ನೇ ನೋಡುತ್ತಿದ್ದಳು.

"ಎಪ್ಪತ್ತಮೂರು ದಿನ ಆತ್ರೀ ಸಾಹೇಬ್ರ" ಎಂದ ಭಗವಂತರಾಯ. "ಅಕಿದೇನೂ ತಪ್ಪಿಲ್ರೀ. ನಾನೇ ಬ್ಯಾಡ ಅಂದೆ."

ಡಾಕ್ಟರು ತಲೆಯೆತ್ತಿ ಅವನನ್ನು ಒಮ್ಮೆ ನೋಡಿದರು. ಆಮೇಲೆ ಬರೆದುಕೊಂಡರು. ಸ್ಕ್ಯಾನು, ಅಡ್ಮಿಷನ್ನು, ನೋಡೋಣ ಎಂದರು. ಗುಣವಾಗುತ್ತದೆ ಎನ್ನಲಿಲ್ಲ.

ವಾರ್ಡಿನ ಬಾಗಿಲಲ್ಲಿ ಶೀಬಾ ಎಂಬ ನರ್ಸಮ್ಮ ಯಂಕಮ್ಮನ ಮಣಿಕಟ್ಟಿಗೆ ಹೆಸರು ನಂಬರು ಬರೆದ ಒಂದು ಬಿಳಿ ಪಟ್ಟಿ ಸುತ್ತಿ, ಚಟ್ ಎಂದು ಗುಂಡಿ ಒತ್ತಿದಳು. ಯಂಕಮ್ಮ ಬೆಚ್ಚಿದಳು. ಭಗವಂತರಾಯ ಆ ಕೈಯನ್ನು ತೆಗೆದುಕೊಂಡು ಪಟ್ಟಿಯ ಮೇಲಿದ್ದ ನಂಬರನ್ನು ಒಂದು ಸಲ ಓದಿದ. ಫೈಲಿನ ಮೇಲಿದ್ದದ್ದನ್ನು ನೋಡಿ, ಇನ್ನೊಂದು ಸಲ ಓದಿದ.